ಗುಂಯ್‌ಗುಡುವ ವಾಹನ: ಸದ್ದಿನ ಮೂಲ ಪತ್ತೆ ಮತ್ತು ಪರಿಹಾರ

ಎತ್ತಿನ ಗಾಡಿಯ ಅಚ್ಚು ಕಿರುಗುಟ್ಟಿದರೆ ಕೀಲೆಣ್ಣೆ ಒಣಗಿದೆಯೆಂದು ಗಾಡಿ ಹೊಡೆಯುವ ಹುಡುಗನೂ ಬಲ್ಲ. ಅಲ್ಲಿ ಸದ್ದು ಬರುವ ಜಾಗ ಒಂದೇ, ಪರಿಹಾರವೂ ಒಂದೇ. ಆದರೆ ಇಂದು ನಮ್ಮ ಬೆಳೆಗಾರರ ಅಂಗಳದಲ್ಲಿ ನಿಂತಿರುವ ಬೊಲೆರೊ, ಸ್ಕಾರ್ಪಿಯೊ, ಇನೋವಾ ಮೊದಲಾದ ಮನೆವಾಹನಗಳಲ್ಲಿ ತಿರುಗುವ ಭಾಗಗಳು ಹತ್ತಾರು. ಅವುಗಳಲ್ಲಿ ಯಾವುದೊಂದು ಸವೆದರೂ, ಎಣ್ಣೆ ಕಡಿಮೆಯಾದರೂ, ಕೇಳುವವರ ಕಿವಿಗೆ ಬರುವುದು ಹೆಚ್ಚುಕಡಿಮೆ ಒಂದೇ ಬಗೆಯ ಗುಂಯ್ ಎನ್ನುವ ಸದ್ದು. ಸದ್ದಿನ ಮೂಲ ತಿಳಿಯದೆ ಊಹೆಯ ಮೇಲೆ ಬಿಡಿಭಾಗ ಬದಲಾಯಿಸುವುದರಿಂದ ಹಣ ಹೋಗುತ್ತದೆ, ಸದ್ದು ಮಾತ್ರ ಹೋಗುವುದಿಲ್ಲ.

ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದಿರುವ ಒಕ್ಕಲು ಕುಟುಂಬಗಳಿಗೆ ಈ ವಿಷಯ ಹೆಚ್ಚು ಮುಖ್ಯವಾದುದು. ಕಾಮಯಗೌಂಡನ್‌ಪಟ್ಟಿಯ ಸುತ್ತಮುತ್ತ ನೆಲ ಸಮತಟ್ಟು. ಭತ್ತ, ಬಾಳೆ, ತೆಂಗು, ದ್ರಾಕ್ಷಿ ತೋಟಗಳ ನಡುವೆ ವಾಹನ ಗುಂಯ್‌ಗುಟ್ಟಿದರೂ ಮನೆ ಸೇರಬಹುದು. ಆದರೆ ಅದೇ ವಾಹನ ಮರುದಿನ ಲೋಯರ್ ಕ್ಯಾಂಪಿನಿಂದ ಕುಮಳಿ ಘಾಟಿ ಹತ್ತುತ್ತದೆ, ಇಲ್ಲವೆ ಕಂಬಂಮೆಟ್ಟಿನ ತಿರುವುಗಳನ್ನು ಹಾದು ಇಡುಕ್ಕಿಯ ಏಲಕ್ಕಿ ತೋಟಕ್ಕೆ ಹೋಗುತ್ತದೆ. ತೋಟದ ಕೆಲಸಕ್ಕೆ ಕಣಿವೆಯಿಂದ ಬೆಟ್ಟಕ್ಕೆ ಜನರನ್ನು ಕರೆದೊಯ್ಯುವ ಜೀಪುಗಳಂತೂ ದಿನವೂ ಈ ದಾರಿಯಲ್ಲಿ ಹತ್ತಿ ಇಳಿಯುತ್ತವೆ. ಬಯಲಿನಲ್ಲಿ ಬರಿ ಕಿರಿಕಿರಿಯಾಗಿದ್ದ ಸದ್ದು ಘಾಟಿಯಲ್ಲಿ ಗಾಲಿ ಕಚ್ಚಿಕೊಳ್ಳುವ ಅಪಾಯವಾಗಬಹುದು. ಆದುದರಿಂದ ಪ್ರತಿಯೊಬ್ಬ ವಾಹನದ ಒಡೆಯರೂ ಕೆಳಗಿನ ಕ್ರಮವನ್ನು ತಿಳಿದಿರುವುದು ಒಳ್ಳೆಯದು.

ಮೊದಲು ತಿಳಿಯಬೇಕಾದ ತತ್ವ

ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿಯನ್ನೇ ನಂಬಿ ಹುಡುಕಬಾರದು. ವಾಹನದ ಚೌಕಟ್ಟು ಉಕ್ಕಿನದು. ಹಿಂದಿನ ಅಚ್ಚಿನ ಸದ್ದು ಚೌಕಟ್ಟಿನ ಮೂಲಕ ಹರಿದು ಚಾಲಕನ ಕಾಲಬುಡದಲ್ಲಿ ಕೇಳಿಸಬಹುದು. ಎಡಗಾಲಿಯ ಸದ್ದು ಬಲಗಡೆಯಿಂದ ಬಂದಂತೆ ತೋರಬಹುದು. ಆದುದರಿಂದ ಕೇಳಬೇಕಾದ ಪ್ರಶ್ನೆ "ಎಲ್ಲಿ?" ಎಂಬುದಲ್ಲ, "ಯಾವಾಗ ಬದಲಾಗುತ್ತದೆ?" ಎಂಬುದು. ಸದ್ದು ಇಂಜಿನ್ನಿನ ವೇಗದೊಡನೆ ಏರಿಳಿಯುತ್ತದೆಯೇ, ಗಾಲಿಯ ವೇಗದೊಡನೆಯೇ, ಸ್ಟೀರಿಂಗ್ ತಿರುಗಿಸಿದಾಗಲೇ, ಕ್ಲಚ್ ತುಳಿದಾಗಲೇ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಮುಕ್ಕಾಲು ಕೆಲಸ ಮುಗಿದಂತೆ.

ಇದಕ್ಕೆ ಬೇಕಾದುದು ಎರಡು ಸುಲಭ ಪರೀಕ್ಷೆಗಳು.

ಒಂದನೆಯದು ನಿಂತಲ್ಲೇ ಮಾಡುವುದು. ವಾಹನವನ್ನು ಸಮನೆಲದಲ್ಲಿ ನಿಲ್ಲಿಸಿ, ಕೈಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಇಂಜಿನ್ನನ್ನು ಮೆಲ್ಲಗೆ 2000 ಸುತ್ತಿನವರೆಗೆ ಏರಿಸಿ. ಸದ್ದು ಬಂದು, ಇಂಜಿನ್ನಿನೊಡನೆ ಏರಿ ಇಳಿದರೆ ದೋಷ ಇಂಜಿನ್ನಿನಲ್ಲಿ, ಅದರ ಬೆಲ್ಟಿಗೆ ಸೇರಿದ ಭಾಗಗಳಲ್ಲಿ ಅಥವಾ ಗೇರ್ ಪೆಟ್ಟಿಗೆಯ ಮುಂಭಾಗದಲ್ಲಿದೆ. ಸದ್ದು ಬಾರದಿದ್ದರೆ ಅದು ವಾಹನ ಚಲಿಸಿದಾಗ ಮಾತ್ರ ತಿರುಗುವ ಅಥವಾ ಭಾರ ಹೊರುವ ಭಾಗಗಳದು.

ಎರಡನೆಯದು ರಸ್ತೆಯಲ್ಲಿ ಮಾಡುವುದು. ಜನಸಂಚಾರವಿಲ್ಲದ ನೇರ ಬಯಲು ರಸ್ತೆಯಲ್ಲಿ 40 ಕಿಲೋಮೀಟರ್ ವೇಗದಲ್ಲಿ ಮೂರನೆಯ ಗೇರಿನಲ್ಲಿ ಓಡಿಸಿ ಸದ್ದನ್ನು ಕೇಳಿ. ಅದೇ ವೇಗದಲ್ಲಿ ನಾಲ್ಕನೆಯ ಗೇರಿಗೆ ಹಾಕಿ ಮತ್ತೆ ಕೇಳಿ. ಇಂಜಿನ್ನಿನ ವೇಗ ಇಳಿಯಿತು, ಗಾಲಿಯ ವೇಗ ಹಾಗೆಯೇ ಇದೆ. ಸದ್ದಿನ ಸ್ವರ ಇಳಿದರೆ ಮೂಲ ಇಂಜಿನ್ನಿನ ಕಡೆ. ಸ್ವರ ಬದಲಾಗದಿದ್ದರೆ ಮೂಲ ಗೇರ್ ಪೆಟ್ಟಿಗೆಯ ಹಿಂದೆ, ಅಂದರೆ ಹಿಂದಿನ ಅಚ್ಚು, ಗಾಲಿಯ ಬೇರಿಂಗು ಅಥವಾ ಟೈರಿನಲ್ಲಿ. ಒಬ್ಬರು ಓಡಿಸಬೇಕು, ಇನ್ನೊಬ್ಬರು ಹಿಂದಿನ ಸೀಟಿನಲ್ಲಿ ಕುಳಿತು ಕೇಳಬೇಕು. ಓಡಿಸುವವರ ಗಮನ ರಸ್ತೆಯ ಮೇಲಿರಲಿ.

ನಿಂತಾಗಲೂ ಬರುವ ಸದ್ದು

ಬಾನೆಟ್ ಎತ್ತುವ ಮೊದಲು ರೇಡಿಯೋ ಆರಿಸಿ ನೋಡಿ. ಎಷ್ಟೋ ಸಲ ಇಂಜಿನ್ನಿನೊಡನೆ ಏರುವ ಸಣ್ಣ ಗುಂಯ್ ಸದ್ದು ಧ್ವನಿವರ್ಧಕದಿಂದಲೇ ಬರುತ್ತಿರುತ್ತದೆ. ಆಲ್ಟರ್ನೇಟರಿನ ವಿದ್ಯುತ್ತು ಸಡಿಲವಾದ ಭೂ ತಂತಿಯ ಕಾರಣ ರೇಡಿಯೋಕ್ಕೆ ಸೇರುವುದೇ ಇದಕ್ಕೆ ಕಾರಣ. ತಂತಿಯ ತುದಿಯನ್ನು ಉಜ್ಜಿ ಬಿಗಿಗೊಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಸ್ಟೀರಿಂಗನ್ನು ತಿರುಗಿಸಿದಾಗ ಸದ್ದು ಜೋರಾದರೆ ಪವರ್ ಸ್ಟೀರಿಂಗಿನ ಪಂಪನ್ನು ನೋಡಬೇಕು. ಎಣ್ಣೆಯ ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ಪಂಪು ಎಣ್ಣೆಯ ಜೊತೆ ಗಾಳಿಯನ್ನೂ ಎಳೆದು ಅಳುತ್ತದೆ. ಎಣ್ಣೆ ನೊರೆಯಾಗಿದ್ದರೆ ಗಾಳಿ ಸೇರಿದೆಯೆಂದು ಅರ್ಥ. ಬರಿ ಎಣ್ಣೆ ತುಂಬಿ ಸುಮ್ಮನಾಗಬಾರದು. ಎಣ್ಣೆ ತಾನಾಗಿ ಖರ್ಚಾಗುವುದಿಲ್ಲ, ಎಲ್ಲಿಯೋ ಸೋರುತ್ತಿರಬೇಕು. ರಬ್ಬರ್ ಪೈಪುಗಳ ಕಟ್ಟು, ಸ್ಟೀರಿಂಗ್ ಪೆಟ್ಟಿಗೆಯ ಸೀಲು ಇವುಗಳನ್ನು ಒರೆಸಿ ಪರೀಕ್ಷಿಸಿ. ಸೋರಿಕೆ ನಿಂತ ಮೇಲೆ, ಮುಂದಿನ ಗಾಲಿಗಳನ್ನು ಎತ್ತಿ ಭದ್ರವಾದ ಸ್ಟ್ಯಾಂಡಿನ ಮೇಲಿರಿಸಿ, ಇಂಜಿನ್ ಆರಿಸಿರುವಾಗಲೇ ಸ್ಟೀರಿಂಗನ್ನು ಕೊನೆಯಿಂದ ಕೊನೆಗೆ ಹಲವು ಬಾರಿ ತಿರುಗಿಸಿ, ಎಣ್ಣೆ ಇಳಿದಂತೆ ತುಂಬಿದರೆ ಗಾಳಿ ಹೊರಬರುತ್ತದೆ. ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ಬಳಸತಕ್ಕದ್ದು. ಇಂಜಿನ್ ಓಡುವಾಗ ಸ್ಟೀರಿಂಗನ್ನು ಪೂರ್ತಿ ಕೊನೆಗೆ ತಿರುಗಿಸಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿದಿಡಬಾರದು, ಪಂಪು ಕಾಯುತ್ತದೆ. ವಿದ್ಯುತ್ ಮೋಟಾರಿನ ಸ್ಟೀರಿಂಗ್ ಇರುವ ಈಚಿನ ವಾಹನಗಳಲ್ಲಿ ಈ ಎಣ್ಣೆಯೂ ಇಲ್ಲ, ಪಂಪೂ ಇಲ್ಲ.

ಸ್ಟೀರಿಂಗಿಗೂ ಸದ್ದಿಗೂ ಸಂಬಂಧವಿಲ್ಲದಿದ್ದರೆ ಬೆಲ್ಟಿನ ಸಾಲನ್ನು ನೋಡಿ. ಆಲ್ಟರ್ನೇಟರ್, ನೀರಿನ ಪಂಪು, ಬೆಲ್ಟನ್ನು ಬಿಗಿ ಹಿಡಿಯುವ ರಾಟೆ, ಇವೆಲ್ಲದರ ಒಳಗೆ ಬೇರಿಂಗುಗಳಿವೆ. ಹೆಡ್‌ಲೈಟ್ ಹಚ್ಚಿದೊಡನೆ ಸದ್ದು ಹೆಚ್ಚಿದರೆ ಆಲ್ಟರ್ನೇಟರಿನ ಮೇಲೆ ಅನುಮಾನ ಪಡಬಹುದು. ನಿಶ್ಚಯ ಮಾಡಿಕೊಳ್ಳಲು ಮೆಕ್ಯಾನಿಕ್ಕರಿಂದ ಬೆಲ್ಟ್ ಬಿಚ್ಚಿಸಿ ಇಂಜಿನ್ನನ್ನು ಕೆಲವೇ ಸೆಕೆಂಡು ಓಡಿಸಬೇಕು. ಸದ್ದು ಮಾಯವಾದರೆ ದೋಷ ಬೆಲ್ಟಿನ ಸಾಲಿನಲ್ಲೇ ಇದೆ. ಆಮೇಲೆ ಒಂದೊಂದು ರಾಟೆಯನ್ನೂ ಕೈಯಿಂದ ತಿರುಗಿಸಿದರೆ ಮರಳು ಸೇರಿದಂತೆ ಕರಕರ ಎನ್ನುವುದೇ ಕೆಟ್ಟಿರುವುದು. ಬೆಲ್ಟ್ ಇಲ್ಲದಾಗ ನೀರಿನ ಪಂಪು ತಿರುಗದಿರಬಹುದಾದ್ದರಿಂದ ಹೆಚ್ಚು ಹೊತ್ತು ಓಡಿಸಬಾರದು. ಈ ಕೆಲಸದ ವೇಳೆ ಪಂಚೆಯ ಅಂಚು, ಟವೆಲು, ಸೆರಗು ಬೆಲ್ಟಿನ ಹತ್ತಿರ ಸುಳಿಯಬಾರದು. ವಿದ್ಯುತ್ ಫ್ಯಾನುಗಳು ಇಂಜಿನ್ ನಿಂತ ಮೇಲೂ ಇದ್ದಕ್ಕಿದ್ದಂತೆ ತಿರುಗಬಹುದು ಎಂಬುದನ್ನು ಮರೆಯಬೇಡಿ.

ಡೀಸೆಲ್ ವಾಹನದಲ್ಲಿ ಏರು ಹತ್ತುವಾಗ ಸಣ್ಣ ಸಿಳ್ಳಿನಂತೆ ಕೇಳಿಸುವುದು ಟರ್ಬೊ. ಅದು ಅಷ್ಟರಮಟ್ಟಿಗೆ ಸಹಜ. ಆದರೆ ಸಿಳ್ಳು ದಿನೇ ದಿನೇ ಜೋರಾಗಿ, ಎಳೆತ ಕಡಿಮೆಯಾಗಿ, ಕಪ್ಪು ಹೊಗೆ ಬಂದರೆ ಟರ್ಬೊದಿಂದ ಇಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಕೊಳವೆ ಹರಿದಿರುವ ಸಂಭವ ಹೆಚ್ಚು. ಮೊದಲು ಆ ಕೊಳವೆ, ಅದರ ಕ್ಲಿಪ್ಪು ನೋಡಿ. ನೀಲಿ ಹೊಗೆ ಬಂದು ಇಂಜಿನ್ ಎಣ್ಣೆ ಇಳಿಯುತ್ತಿದ್ದರೆ ಮಾತ್ರ ವಾಹನವನ್ನು ಮುಂದೆ ಓಡಿಸದೆ ಟರ್ಬೊವನ್ನೇ ತೋರಿಸಬೇಕು.

ಕ್ಲಚ್ ಮತ್ತು ಗೇರ್ ಪೆಟ್ಟಿಗೆ

ವಾಹನ ನಿಂತು, ನ್ಯೂಟ್ರಲ್‌ನಲ್ಲಿ ಇಂಜಿನ್ ಓಡುತ್ತಿರುವಾಗ ಕ್ಲಚ್ ಪೆಡಲನ್ನು ತುಳಿದು ಬಿಟ್ಟು ನೋಡಿ. ಕಾಲು ತೆಗೆದಾಗ ಸದ್ದಿದ್ದು, ತುಳಿದಾಗ ನಿಂತರೆ ಗೇರ್ ಪೆಟ್ಟಿಗೆಯ ಮುಂದಿನ ಬೇರಿಂಗಿನ ಕಡೆ ದೋಷವಿದೆ. ತುಳಿದಾಗ ಮಾತ್ರ ಸದ್ದು ಬಂದರೆ ಅದು ಕ್ಲಚ್ ರಿಲೀಸ್ ಬೇರಿಂಗು. ಕ್ಲಚ್ ಪೆಡಲಿನ ಮೇಲೆ ಸದಾ ಕಾಲಿಟ್ಟು ಓಡಿಸುವ ಅಭ್ಯಾಸವೇ ಈ ಬೇರಿಂಗನ್ನು ಬೇಗ ಸವೆಸುತ್ತದೆ.

ಒಂದೇ ಒಂದು ಗೇರಿನಲ್ಲಿ ಗುಂಯ್‌ಗುಟ್ಟಿ ಉಳಿದವುಗಳಲ್ಲಿ ಮೌನವಾಗಿದ್ದರೆ ಆ ಗೇರಿನ ಹಲ್ಲುಗಳು ಸವೆದಿವೆ. ಹಿಂದಿನ ಗಾಲಿಗಳಿಗೆ ಶಕ್ತಿ ಕೊಡುವ ಐದು ಗೇರಿನ ಅನೇಕ ವಾಹನಗಳಲ್ಲಿ ನಾಲ್ಕನೆಯ ಗೇರು ನೇರವಾದುದು. ಅದರಲ್ಲಿ ಶಕ್ತಿ ಕೆಳಗಿನ ದಂಡದ ಹಲ್ಲುಗಳ ಮೂಲಕ ಹೋಗುವುದಿಲ್ಲ. ಆದುದರಿಂದ ಬೇರೆ ಗೇರುಗಳಲ್ಲಿ ಸದ್ದಿದ್ದು ನಾಲ್ಕರಲ್ಲಿ ಮಾತ್ರ ಕಡಿಮೆಯಾದರೆ ಗೇರ್ ಪೆಟ್ಟಿಗೆಯೇ ಮೂಲವೆಂದು ಹೇಳಬಹುದು. ರಿವರ್ಸ್ ಗೇರಿನಲ್ಲಿ ಬರುವ ಸದ್ದಿಗೆ ಮಾತ್ರ ಹೆದರಬೇಕಾಗಿಲ್ಲ. ಅನೇಕ ವಾಹನಗಳಲ್ಲಿ ಆ ಗೇರಿನ ಹಲ್ಲುಗಳು ನೇರವಾಗಿ ಕೊರೆದವು, ಹೊಸತಿನಲ್ಲೂ ಗುಂಯ್‌ಗುಡುತ್ತವೆ.

ಹಿಂದಿನ ಅಚ್ಚು

ಬೊಲೆರೊ, ಸ್ಕಾರ್ಪಿಯೊ, ಹಳೆಯ ಸುಮೊ, ಕ್ವಾಲಿಸ್ ಮುಂತಾದವುಗಳ ಹಿಂದಿನ ಅಚ್ಚಿನ ನಡುವೆ ಕಾಣುವ ಗುಂಡು ಕವಚದೊಳಗೆ ಕ್ರೌನ್ ಚಕ್ರ ಮತ್ತು ಪಿನಿಯನ್ ಇವೆ. ಮೆಕ್ಯಾನಿಕ್ಕರು ಇದನ್ನು ಡಿಫರೆನ್ಷಿಯಲ್ ಅಥವಾ ಹೌಸಿಂಗ್ ಎನ್ನುತ್ತಾರೆ. ಮುಂದಿನ ಗಾಲಿಗಳಿಗೆ ಶಕ್ತಿ ಕೊಡುವ ಬ್ರೆಜಾ, ಎರ್ಟಿಗಾ ಮುಂತಾದವುಗಳಲ್ಲಿ ಹಿಂದೆ ಈ ಗುಂಡು ಇರುವುದಿಲ್ಲ, ಅದರ ಹಲ್ಲುಗಳು ಮುಂದಿನ ಗೇರ್ ಪೆಟ್ಟಿಗೆಯೊಳಗೇ ಸೇರಿವೆ.

ಬಯಲು ರಸ್ತೆಯಲ್ಲಿ 50 ಅಥವಾ 60ರ ವೇಗದಲ್ಲಿ ಆಕ್ಸಿಲರೇಟರನ್ನು ತುಳಿದು, ಮತ್ತೆ ಕಾಲೆತ್ತಿ ಕೇಳಿ. ತುಳಿದಾಗ ಮಾತ್ರ ಅಥವಾ ಕಾಲೆತ್ತಿದಾಗ ಮಾತ್ರ ಸದ್ದು ಬಂದರೆ ಕ್ರೌನ್ ಮತ್ತು ಪಿನಿಯನ್ನಿನ ಹಲ್ಲುಗಳ ಒಂದು ಮೈ ಸವೆದಿದೆ ಅಥವಾ ಅವುಗಳ ನಡುವಿನ ಅಂತರ ತಪ್ಪಿದೆ. ಹಲ್ಲಿನ ಒಂದು ಮೈ ವಾಹನವನ್ನು ಮುಂದಕ್ಕೆ ತಳ್ಳುವಾಗ ಒತ್ತುತ್ತದೆ, ಇನ್ನೊಂದು ಮೈ ಕಾಲೆತ್ತಿದಾಗ ಒತ್ತುತ್ತದೆ. ಎರಡೂ ಸಂದರ್ಭದಲ್ಲಿ ಒಂದೇ ಸಮನೆ ಸದ್ದಿದ್ದರೆ ಎಣ್ಣೆಯ ಕೊರತೆ ಅಥವಾ ಬೇರಿಂಗಿನ ದೋಷವನ್ನು ಮೊದಲು ನೋಡತಕ್ಕದ್ದು.

ಇಲ್ಲಿ ಎಣ್ಣೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. 1926ರಲ್ಲಿ ಅಮೆರಿಕದ ಪ್ಯಾಕರ್ಡ್ ಕಾರುಗಳಲ್ಲಿ ಬಳಕೆಗೆ ಬಂದ ಹೈಪಾಯ್ಡ್ ಎಂಬ ಹಲ್ಲಿನ ಜೋಡಣೆ ಇಂದು ಇಂಥ ವಾಹನಗಳ ಅಚ್ಚುಗಳಲ್ಲಿ ಸಾಮಾನ್ಯವಾಗಿದೆ. ಇದರಲ್ಲಿ ಪಿನಿಯನ್ನು ಕ್ರೌನ್ ಚಕ್ರದ ನಡುಗೆರೆಗಿಂತ ಕೆಳಗೆ ಕೂರುತ್ತದೆ. ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಉಜ್ಜಿಕೊಂಡು ಜಾರುತ್ತವೆ. ಸಾಮಾನ್ಯ ಎಣ್ಣೆಯ ಪದರ ಈ ಒತ್ತಡಕ್ಕೆ ಹರಿದುಹೋಗುತ್ತದೆ. ಆದುದರಿಂದ ಜಿ.ಎಲ್.-5 ದರ್ಜೆಯ ಎಣ್ಣೆ, ಸಾಮಾನ್ಯವಾಗಿ 80ಡಬ್ಲ್ಯೂ-90, ಬೇಕಾಗುತ್ತದೆ. ಅದೇ ಎಣ್ಣೆಯನ್ನು ಗೇರ್ ಪೆಟ್ಟಿಗೆಗೂ ಸುರಿಯಬಾರದು. ಕೆಲವು ಪೆಟ್ಟಿಗೆಗಳ ಹಿತ್ತಾಳೆಯ ಉಂಗುರಗಳಿಗೆ ಅದು ಹೊಂದುವುದಿಲ್ಲ. ಎರಡಕ್ಕೂ ಕೈಪಿಡಿಯ ಮಾತೇ ಕೊನೆಯದು.

ಎಣ್ಣೆ ನೋಡುವಾಗ ಮೇಲಿನ ತುಂಬುವ ಬಿರಡೆಯನ್ನೇ ಮೊದಲು ಬಿಚ್ಚಿ. ಕೆಳಗಿನದನ್ನು ಮೊದಲು ಬಿಚ್ಚಿ ಎಣ್ಣೆ ಹರಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ತಿರುಗದಿದ್ದರೆ ವಾಹನ ಅಲ್ಲೇ ಕೂರಬೇಕಾಗುತ್ತದೆ. ಸಮನೆಲದಲ್ಲಿ ನಿಂತ ವಾಹನದಲ್ಲಿ ಎಣ್ಣೆ ಸಾಮಾನ್ಯವಾಗಿ ಆ ತೂತಿನ ಕೆಳ ಅಂಚಿನವರೆಗೆ ಇರಬೇಕು. ಎಣ್ಣೆ ಹಾಲಿನಂತೆ ಬಿಳುಪಾಗಿದ್ದರೆ ಹಳ್ಳ ದಾಟುವಾಗ ನೀರು ಸೇರಿದೆ, ಪೂರ್ತಿ ಬದಲಾಯಿಸಬೇಕು. ಬಿರಡೆಯ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪಾದ ಕೆಸರು ಅಂಟಿದ್ದರೆ ಅದು ಸಹಜ ಸವೆತ. ಚೂರು ಚೂರಾದ ಲೋಹ ಸಿಕ್ಕರೆ ಒಳಗೆ ಮುರಿದಿದೆ. ಅಚ್ಚಿನ ಮೇಲಿರುವ ಗಾಳಿಕಂಡಿ ಕೆಸರಿನಿಂದ ಮುಚ್ಚಿದ್ದರೆ ಕಾದ ಗಾಳಿ ಎಣ್ಣೆಯನ್ನು ಸೀಲುಗಳ ಮೂಲಕ ಹೊರದೂಡುತ್ತದೆ. ಆ ಎಣ್ಣೆ ಹಿಂದಿನ ಬ್ರೇಕಿನ ಮೇಲೆ ಬಿದ್ದರೆ ಘಾಟಿ ಇಳಿಯುವಾಗ ಏನಾದೀತೆಂದು ಹೇಳಬೇಕಾಗಿಲ್ಲ. ಒಂದು ತುಂಡು ತಂತಿಯಿಂದ ಆ ಕಂಡಿಯನ್ನು ಶುಚಿಮಾಡುವುದಕ್ಕೆ ಖರ್ಚೇನೂ ಇಲ್ಲ.

ಹಲ್ಲುಗಳೇ ಸವೆದಿದ್ದರೆ ಕ್ರೌನ್ ಮತ್ತು ಪಿನಿಯನ್ನನ್ನು ಜೋಡಿಯಾಗಿಯೇ ಬದಲಾಯಿಸಬೇಕು. ಅವು ಕಾರ್ಖಾನೆಯಲ್ಲಿ ಒಂದಕ್ಕೊಂದು ಹೊಂದಿಸಿ ತಯಾರಾದವು. ಹೊಸದನ್ನು ಕೂರಿಸುವಾಗ ಹಲ್ಲುಗಳ ಅಂತರವನ್ನು ಅಳತೆಯ ಉಪಕರಣದಿಂದ ನೋಡಿ ಹೊಂದಿಸುವ ಮೆಕ್ಯಾನಿಕ್ಕರಿಗೇ ಕೊಡಿ. ಕೈ ಅಂದಾಜಿನಲ್ಲಿ ಕೂರಿಸಿದರೆ ಹೊಸ ಹಲ್ಲೂ ಅಳುತ್ತದೆ.

ಗಾಲಿಯ ಬೇರಿಂಗು ಮತ್ತು ಟೈರು

ಆಕ್ಸಿಲರೇಟರಿಗೂ ಸದ್ದಿಗೂ ಸಂಬಂಧವೇ ಇಲ್ಲದೆ, ವೇಗದೊಡನೆ ಮಾತ್ರ ಏರುತ್ತಿದ್ದರೆ ಗಾಲಿಯ ಕಡೆ ತಿರುಗಿ. ಅಗಲವಾದ ಖಾಲಿ ರಸ್ತೆಯಲ್ಲಿ ಮಧ್ಯಮ ವೇಗದಲ್ಲಿ ಮೆಲ್ಲಗೆ ಎಡಕ್ಕೂ ಬಲಕ್ಕೂ ಹೊರಳಿಸಿ ನೋಡಿ. ಎಡಕ್ಕೆ ತಿರುಗಿದಾಗ ಭಾರ ಬಲಗಡೆಯ ಗಾಲಿಗಳ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಿದರೆ ಬಲಗಡೆಯ ಬೇರಿಂಗು, ಬಲಕ್ಕೆ ತಿರುಗಿದಾಗ ಹೆಚ್ಚಿದರೆ ಎಡಗಡೆಯದು ಎಂದು ಸಾಮಾನ್ಯವಾಗಿ ತಿಳಿಯಬಹುದು.

ಆ ಬಳಿಕ ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಅನುಮಾನದ ಗಾಲಿಯನ್ನು ಜಾಕಿಯಿಂದ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಬರಿ ಜಾಕಿಯನ್ನು ನಂಬಿ ವಾಹನದ ಕೆಳಗೆ ತಲೆಯಿಡಬಾರದು. ಗಾಲಿಯ ಮೇಲ್ತುದಿ ಮತ್ತು ಕೆಳತುದಿ ಹಿಡಿದು ಅಲ್ಲಾಡಿಸಿದಾಗ ಲೊಡಲೊಡ ಎಂದರೆ ಬೇರಿಂಗು ಸಡಿಲವಾಗಿದೆ. ಗಾಲಿಯನ್ನು ಕೈಯಿಂದ ತಿರುಗಿಸುತ್ತಾ ಪಕ್ಕದ ಸ್ಪ್ರಿಂಗಿನ ಮೇಲೆ ಇನ್ನೊಂದು ಕೈಯಿಡಿ. ಕೆಟ್ಟ ಬೇರಿಂಗಿನ ಕರಕರ ಕೈಗೆ ತಿಳಿಯುತ್ತದೆ. ಪ್ರಯಾಣ ಮುಗಿದೊಡನೆ ನಾಲ್ಕು ಗಾಲಿಗಳ ನಡುಭಾಗದ ಹತ್ತಿರ ಮುಟ್ಟದೆ ಅಂಗೈ ಹಿಡಿದು ನೋಡಿದಾಗ ಒಂದು ಮಾತ್ರ ಹೆಚ್ಚು ಕಾದಿದ್ದರೆ ಅಲ್ಲಿ ಬೇರಿಂಗು ಇಲ್ಲವೆ ಬ್ರೇಕು ಹಿಡಿದುಕೊಂಡಿದೆ. ಸಡಿಲವಾದ ಅಥವಾ ಕಾಯುವ ಬೇರಿಂಗಿನೊಡನೆ ಘಾಟಿ ಹತ್ತಲೇಬಾರದು.

ಬೇರಿಂಗು ಬದಲಾಯಿಸುವ ಮೊದಲು ಟೈರನ್ನು ಮರೆಯಬೇಡಿ. ಟೈರಿನ ಮೈಮೇಲೆ ಅಂಗೈಯನ್ನು ಹಿಂದಕ್ಕೂ ಮುಂದಕ್ಕೂ ಸವರಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದಂತೆ ತಾಗಿದರೆ ಟೈರು ಓರೆಯಾಗಿ ಸವೆದಿದೆ. ಡಾಂಬರಿನಿಂದ ಸಿಮೆಂಟ್ ರಸ್ತೆಗೆ ಬಂದಾಗ ಸದ್ದು ಬದಲಾದರೆ ಅದು ಟೈರಿನದೇ. ಡಿಫರೆನ್ಷಿಯಲ್ಲಿಗೆ ಕೆಳಗಿರುವ ರಸ್ತೆ ಯಾವುದೆಂದು ತಿಳಿಯದು. ಹಿಂದಿನ ಟೈರನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಹಾಕಿಸಿ ನೋಡಿ. ಸದ್ದೂ ಜಾಗ ಬದಲಾಯಿಸಿದರೆ ಅಚ್ಚನ್ನು ಬಿಚ್ಚುವ ಅಗತ್ಯವೇ ಇಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ?

ಒಂದು ಉದಾಹರಣೆ

ಒಂದು ಕುಟುಂಬದ ವಾಹನ 50ರ ವೇಗ ದಾಟಿದೊಡನೆ ಗುಂಯ್‌ಗುಡುತ್ತದೆ ಎಂದಿಟ್ಟುಕೊಳ್ಳೋಣ. ನಿಂತಾಗ ಇಂಜಿನ್ ಏರಿಸಿದರೆ ಸದ್ದಿಲ್ಲ. ಆದುದರಿಂದ ಬೆಲ್ಟು, ಆಲ್ಟರ್ನೇಟರ್ ಬಿಟ್ಟುಹೋದವು. ಮೂರು ಮತ್ತು ನಾಲ್ಕನೆಯ ಗೇರಿನಲ್ಲಿ ಒಂದೇ ಸ್ವರ. ಆದುದರಿಂದ ಗೇರ್ ಪೆಟ್ಟಿಗೆಯೂ ಬಿಟ್ಟಿತು. ಎಡಬಲಕ್ಕೆ ಹೊರಳಿಸಿದರೂ ಬದಲಾವಣೆಯಿಲ್ಲ, ರಸ್ತೆ ಬದಲಾದರೂ ಅದೇ ಸದ್ದು. ಆದುದರಿಂದ ಗಾಲಿಯ ಬೇರಿಂಗು ಮತ್ತು ಟೈರಿನ ಮೇಲಿನ ಅನುಮಾನ ಇಳಿಯಿತು. ತುಳಿದಾಗಲೂ ಕಾಲೆತ್ತಿದಾಗಲೂ ಸದ್ದಿದೆ. ಉಳಿದದ್ದು ಹಿಂದಿನ ಅಚ್ಚಿನ ಎಣ್ಣೆ ಮತ್ತು ಬೇರಿಂಗು. ಬಿರಡೆ ಬಿಚ್ಚಿ ನೋಡಿದರೆ ಬೆರಳಿಗೆ ಎಣ್ಣೆ ತಾಗದು, ಪಿನಿಯನ್ನಿನ ಸೀಲಿನ ಸುತ್ತ ಜಿಡ್ಡು ಮೆತ್ತಿದೆ. ಸೀಲು ಹಾಕಿಸಿ ಎಣ್ಣೆ ತುಂಬಿದರೆ, ಹಲ್ಲು ಮತ್ತು ಬೇರಿಂಗುಗಳು ಇನ್ನೂ ಕೆಡದಿದ್ದಲ್ಲಿ, ಅಷ್ಟರಲ್ಲೇ ಮುಗಿಯಿತು. ಇದೇ ಸದ್ದನ್ನು ಒಂದು ಮಳೆಗಾಲ ಸಹಿಸಿಕೊಂಡು ಓಡಿಸಿದ್ದರೆ ಇಡೀ ಕ್ರೌನ್ ಪಿನಿಯನ್ ಜೋಡಿಯನ್ನೇ ಕೊಳ್ಳಬೇಕಾಗುತ್ತಿತ್ತು.

ಘಾಟಿಯಲ್ಲಿ ಎಚ್ಚರಿಕೆ

ಸದ್ದು ಕೇಳಿಸಿಕೊಳ್ಳಲೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದಾಗಲಿ ಇಂಜಿನ್ ಆರಿಸುವುದಾಗಲಿ ಸರ್ವಥಾ ಕೂಡದು. ಇಂಜಿನ್ ನಿಂತರೆ ಬ್ರೇಕಿಗೂ ಸ್ಟೀರಿಂಗಿಗೂ ಸಿಗುವ ನೆರವು ಇಲ್ಲವಾಗಿ, ಎರಡೂ ಕಲ್ಲಿನಂತೆ ಬಿಗಿಯಾಗುತ್ತವೆ. ನ್ಯೂಟ್ರಲ್‌ನಲ್ಲಿ ಇಳಿದರೆ ಇಂಜಿನ್ನಿನ ತಡೆ ತಪ್ಪಿ ಎಲ್ಲ ಭಾರ ಬ್ರೇಕಿನ ಮೇಲೆ ಬಿದ್ದು ಅದು ಕಾದುಹೋಗುತ್ತದೆ. ಹತ್ತುವಾಗ ಬಳಸಿದ ಗೇರಿನಲ್ಲೇ ಇಳಿಯಿರಿ. ಪರೀಕ್ಷೆಗಳನ್ನೆಲ್ಲ ಬಯಲಿನಲ್ಲಿ ಮುಗಿಸಿ. ಶಬರಿಮಲೆ ಯಾತ್ರೆಯ ಕಾಲದಲ್ಲಿ ಕಂಬಂಮೆಟ್ಟು ಮತ್ತು ಕುಮಳಿ ದಾರಿಗಳಲ್ಲಿ ವಾಹನ ಒತ್ತಾಗಿರುವುದರಿಂದ ಕೆಟ್ಟ ವಾಹನವನ್ನು ಬದಿಗೆ ನಿಲ್ಲಿಸಲೂ ಜಾಗ ಸಿಗುವುದು ಕಷ್ಟ. ಆ ಕಾಲಕ್ಕೆ ಮುಂಚೆಯೇ ಒಮ್ಮೆ ಪರೀಕ್ಷಿಸಿಕೊಳ್ಳುವುದು ಲೇಸು. ಘಾಟಿಯಲ್ಲಿ ಸದ್ದು ಇದ್ದಕ್ಕಿದ್ದಂತೆ ಗುಡುಗಿಗೆ ತಿರುಗಿದರೆ, ಸುಟ್ಟ ವಾಸನೆ ಬಂದರೆ, ಸ್ಟೀರಿಂಗ್ ನಡುಗಿದರೆ, ಕೂಡಲೇ ಅಗಲವಾದ ಜಾಗದಲ್ಲಿ ನಿಲ್ಲಿಸಿ ಎಲ್ಲರನ್ನೂ ಇಳಿಸತಕ್ಕದ್ದು.

ಮೆಕ್ಯಾನಿಕ್ಕರ ಬಳಿಗೆ ಹೋಗುವಾಗ

"ಏನೋ ಸದ್ದು ಬರುತ್ತಿದೆ" ಎಂದಷ್ಟೇ ಹೇಳಿ ಬಿಟ್ಟುಬರಬೇಡಿ. ಎಷ್ಟು ವೇಗದಲ್ಲಿ, ಯಾವ ಗೇರಿನಲ್ಲಿ, ತುಳಿದಾಗಲೋ ಎತ್ತಿದಾಗಲೋ, ಯಾವ ಕಡೆ ತಿರುಗಿದಾಗ, ಎಂದಿನಿಂದ, ಅದಕ್ಕೆ ಮುಂಚೆ ಯಾವ ಕೆಲಸ ಮಾಡಿಸಿದ್ದಿರಿ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕಣಿವೆಯ ವರ್ಕ್‌ಶಾಪುಗಳಲ್ಲಿ ಮಾತು ತಮಿಳಾದರೂ ಬೇರಿಂಗು, ಪಿನಿಯನ್, ಕ್ಲಚ್ ಎಂಬ ಹೆಸರುಗಳು ಎರಡು ಭಾಷೆಗೂ ಒಂದೇ. ಸಾಧ್ಯವಾದರೆ ಮೆಕ್ಯಾನಿಕ್ಕರನ್ನು ಕೂರಿಸಿಕೊಂಡು ಒಂದು ಸುತ್ತು ಓಡಿಸಿ ಕೇಳಿಸಿ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆದು, ಅದು ಸವೆದಿರುವುದನ್ನು ಕಣ್ಣಾರೆ ನೋಡಿ.

ಕ್ರಮ ಇಷ್ಟು: ಮೊದಲು ಟೈರು, ಆಮೇಲೆ ಎಣ್ಣೆಗಳ ಮಟ್ಟ, ಆಮೇಲೆ ಬೆಲ್ಟು, ಆಮೇಲೆ ಗಾಲಿ ಎತ್ತಿ ಪರೀಕ್ಷೆ, ಕೊನೆಗೆ ಬಿಚ್ಚುವ ಕೆಲಸ. ಖರ್ಚಿಲ್ಲದ್ದು ಮುಂದೆ, ಖರ್ಚಿನದು ಹಿಂದೆ. ಕಬ್ಬಿನ ಗದ್ದೆಯಲ್ಲಿ ಒಂದು ಗರಿ ಹಳದಿಯಾದಾಗಲೇ ಬುಡ ನೋಡುವ ಬೆಳೆಗಾರರಿಗೆ ಇದು ಹೊಸ ಪಾಠವೇನಲ್ಲ. ಸದ್ದು ಸಣ್ಣದಿರುವಾಗಲೇ ಅದರ ಬುಡ ನೋಡಿದರೆ ಹಣವೂ ಉಳಿಯುತ್ತದೆ, ವಾಹನದಲ್ಲಿ ಕೂರುವ ಮನೆಮಂದಿಯ ಜೀವಕ್ಕೂ ಕ್ಷೇಮ.